ಹುರುಳಿ, ಹುಲ್ಲು, ನೀರು: ದುರ್ಗದ ಸೀಮೆಯಲ್ಲಿ ಕುದುರೆಯ ದಾರಿ



ನಿಮ್ಮ ಶಾಲೆಯ ಗೋಡೆಯ ಮೇಲೆ ಚಿತ್ರದುರ್ಗ ಜಿಲ್ಲೆಯ ನಕ್ಷೆ ಇದ್ದರೆ ಅದರ ಮುಂದೆ ಒಂದು ನಿಮಿಷ ನಿಲ್ಲಿ. ಚಿತ್ರದುರ್ಗ ಪಟ್ಟಣದ ಮೇಲೆ ಬೆರಳಿಡಿ. ಅಲ್ಲಿಂದ ಆಗ್ನೇಯಕ್ಕೆ ಹಿರಿಯೂರು, ಹಿರಿಯೂರಿನಿಂದ ಪಶ್ಚಿಮಕ್ಕೆ ಹೊಸದುರ್ಗ, ಹೊಸದುರ್ಗದಿಂದ ಉತ್ತರಕ್ಕೆ ಹೊಳಲ್ಕೆರೆ, ಮತ್ತೆ ಅಲ್ಲಿಂದ ಚಿತ್ರದುರ್ಗ. ಹೀಗೆ ಒಂದು ಸುತ್ತು ಬಂದರೆ ಹೆಚ್ಚುಕಡಿಮೆ 160 ಕಿಲೋಮೀಟರ್ ಆಗುತ್ತದೆ. ಹಳೆಯ ಲೆಕ್ಕದಲ್ಲಿ ನೂರು ಮೈಲಿ. ಬಸ್ಸಿನಲ್ಲಿ ಇದು ಅರ್ಧ ದಿನದ ಪ್ರಯಾಣ. ಇದೇ ದಾರಿಯನ್ನು ಒಂದು ಕುದುರೆ ಎಷ್ಟು ಹೊತ್ತಿನಲ್ಲಿ ಮುಗಿಸಬಲ್ಲದು? ಮುಗಿಸಿದ ಮೇಲೆ ಅದರ ಸ್ಥಿತಿ ಹೇಗಿರುತ್ತದೆ?

ಮೊದಲನೆಯ ಪ್ರಶ್ನೆ ಸುಲಭ. ನಮ್ಮ ಸೀಮೆಯ ಚರಿತ್ರೆಯಲ್ಲಿ ಬಾಗಿಲು ತೆರೆಯುವುದು ಎರಡನೆಯ ಪ್ರಶ್ನೆ.

ಪರದೇಶಗಳಲ್ಲಿ ನೂರು ಮೈಲಿಯ ಕುದುರೆ ಸವಾರಿ ಒಂದು ದೊಡ್ಡ ಕ್ರೀಡೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ ಟೆವಿಸ್ ಕಪ್ ಎಂಬ ಸ್ಪರ್ಧೆಯಲ್ಲಿ ಬೆಟ್ಟ ಕಣಿವೆಗಳ ಕಾಲುದಾರಿಯಲ್ಲಿ ನೂರು ಮೈಲಿಯನ್ನು 24 ಗಂಟೆಯೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಒಂದು ಬಟ್ಟಲು. ಅದರ ಜೊತೆಗೆ 1964ರಿಂದ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಟ್ಟಲನ್ನೂ ಕೊಡುತ್ತಾರೆ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಯಾವುದು ಅತ್ಯುತ್ತಮ ದೇಹಸ್ಥಿತಿಯಲ್ಲಿದೆಯೋ ಅದಕ್ಕೆ ಈ ಎರಡನೆಯ ಬಟ್ಟಲು. ಬಲ್ಲವರು ಇದನ್ನೇ ಹೆಚ್ಚು ಗೌರವದಿಂದ ನೋಡುತ್ತಾರೆ. ಇನ್ನೊಂದು ಬಗೆಯ ದೂರದ ದಾರಿಯ ಸವಾರಿಯಲ್ಲಂತೂ ಗೊತ್ತಾದ ವೇಳೆಗಿಂತ ಮೊದಲೇ ಬಂದು ಮುಟ್ಟಿದರೆ ಅಂಕ ಕಳೆಯುತ್ತಾರೆ! ಪರೀಕ್ಷೆ ನಡೆಯುವುದು ಕುದುರೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿರಿ ಎಂಬುದರ ಬಗ್ಗೆ.

ಈ ನಿಯಮಗಳ ಹಿಂದೆ ಒಂದು ಕಹಿ ಅನುಭವವಿದೆ. 1892ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನ್ಯಾಧಿಕಾರಿಗಳು ಬರ್ಲಿನ್ ಮತ್ತು ವಿಯೆನ್ನಾ ನಗರಗಳ ನಡುವೆ ಸವಾರಿ ಪಂದ್ಯ ಹೂಡಿದರು. ದೂರ ಸುಮಾರು 580 ಕಿಲೋಮೀಟರ್. ಗೆದ್ದವನು ಆಸ್ಟ್ರಿಯಾದ ಕೌಂಟ್ ಸ್ಟಾರೆಂಬರ್ಗ್. ಅವನು ತೆಗೆದುಕೊಂಡ ಕಾಲ ಸುಮಾರು 71 ಗಂಟೆ. ಗೆದ್ದ ಕುದುರೆ ಬಹುಮಾನದ ಬೆನ್ನಲ್ಲೇ ಸತ್ತುಹೋಯಿತು. ದಾರಿಯುದ್ದಕ್ಕೂ ಇನ್ನೂ ಹಲವು ಕುದುರೆಗಳು ಸತ್ತವು. ಯೂರೋಪಿನ ಪತ್ರಿಕೆಗಳು ಛೀಮಾರಿ ಹಾಕಿದವು. ಕುದುರೆ ಸತ್ತ ಮೇಲೆ ಗೆದ್ದವರು ಯಾರು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ನಮ್ಮ ಕಡೆ ರಾವುತನ ಮನೆಯಲ್ಲಿ ಈ ಪ್ರಶ್ನೆ ಬಹಳ ಹಿಂದಿನಿಂದಲೂ ಇತ್ತು, ಏಕೆಂದರೆ ಇಲ್ಲಿ ಕುದುರೆ ಸತ್ತರೆ ಅವನ ಅನ್ನವೇ ಹೋಗುತ್ತಿತ್ತು. ಆ ಮಾತಿಗೆ ಆಮೇಲೆ ಬರೋಣ. ಮೊದಲು ಕುದುರೆಯ ಮೈಯೊಳಗಿನ ಯಂತ್ರವನ್ನು ಸ್ವಲ್ಪ ನೋಡಿಬಿಡೋಣ. ನಾನು ಓದಿದ್ದು ವಿಜ್ಞಾನ. ಚರಿತ್ರೆಯನ್ನು ಕೈಗೆತ್ತಿಕೊಂಡಾಗಲೂ ಈ ಚಾಳಿ ಬಿಡುವುದಿಲ್ಲ.

ನಿಮ್ಮ ಮಣಿಕಟ್ಟಿನ ನಾಡಿ ಎಣಿಸಿ. ನಿಮಿಷಕ್ಕೆ ಎಪ್ಪತ್ತರ ಆಸುಪಾಸು ಬರುತ್ತದೆ. ಸುಮ್ಮನೆ ನಿಂತಿರುವ ಕುದುರೆಯ ನಾಡಿ ಮೂವತ್ತರಿಂದ ನಲವತ್ತು, ಅಷ್ಟೆ. ದವಡೆಯ ಕೆಳಗೆ ಬೆರಳಿಟ್ಟರೆ ಸಿಗುತ್ತದೆ. ನಾಗಾಲೋಟದಲ್ಲಿ ಅದು ಇನ್ನೂರನ್ನು ದಾಟಬಹುದು. ದೂರದ ಸವಾರಿಯ ಸ್ಪರ್ಧೆಗಳಲ್ಲಿ ದಾರಿಯ ನಡುನಡುವೆ ಪಶುವೈದ್ಯರು ಕುಳಿತಿರುತ್ತಾರೆ. ಕುದುರೆ ಬಂದು ನಿಂತ ಮೇಲೆ ಗೊತ್ತಾದ ನಿಮಿಷಗಳೊಳಗೆ ಅದರ ನಾಡಿ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದು ಅಲ್ಲಿಗೇ ನಿಲ್ಲಬೇಕು. ಕತ್ತಿನ ಚರ್ಮವನ್ನು ಚಿವುಟಿ ಬಿಡುತ್ತಾರೆ. ಚರ್ಮ ತಕ್ಷಣ ಸಪಾಟಾದರೆ ಮೈಯಲ್ಲಿ ನೀರಿದೆ. ಮಡಿಕೆ ಹಾಗೆಯೇ ನಿಂತರೆ ನೀರು ಕಡಿಮೆಯಾಗಿದೆ ಎಂದರ್ಥ. ತುಟಿ ಎತ್ತಿ ಒಸಡನ್ನು ಒತ್ತಿ ನೋಡುತ್ತಾರೆ. ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ, ಲಾಳ ಸಡಿಲವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಇವುಗಳಲ್ಲಿ ನಾಡಿಯ ಅಂಕಿಯೊಂದನ್ನು ಬಿಟ್ಟರೆ ಹಳೆಯ ಕಾಲದ ಅಶ್ವವೈದ್ಯನಿಗೆ ಹೊಸದೇನೂ ಇದ್ದಿರಲಾರದು. ಸುಮಾರು 1400ರ ಹೊತ್ತಿಗೇ ಅಭಿನವಚಂದ್ರ ಎಂಬವನು ಅಶ್ವವೈದ್ಯದ ಮೇಲೆ ಕನ್ನಡದಲ್ಲಿ ಗ್ರಂಥ ರಚಿಸಿದ್ದ ಎಂಬುದು ನಿಮಗೆ ತಿಳಿದಿರಲಿ.

ಕುದುರೆಗೆ ಬೆವರು ಬಹಳ. ಆ ಬೆವರಿನಲ್ಲಿ ಉಪ್ಪಿನ ಅಂಶ ಮನುಷ್ಯನ ಬೆವರಿಗಿಂತ ಹೆಚ್ಚು. ಆದ್ದರಿಂದ ಬಿಸಿಲು ನಾಡಿನಲ್ಲಿ ದೂರ ಹೋದ ಕುದುರೆಗೆ ನೀರಿನೊಡನೆ ಉಪ್ಪನ್ನೂ ಕೊಡಬೇಕು. ಎರಡನೆಯದು ಹೊಟ್ಟೆ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಬಲು ಚಿಕ್ಕದು. ಒಂದೇ ಸಲ ತುಂಬ ತಿಂದು ದಿನವಿಡೀ ನಡೆಯುವುದು ಅದಕ್ಕೆ ಆಗದು. ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರಬೇಕು. ಇನ್ನೊಂದು ತೊಂದರೆಯೆಂದರೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ, ಒಣಕಾಳು ಒಳಗೆ ಉಬ್ಬಿದರೆ, ಹೊಟ್ಟೆಶೂಲೆಯಿಂದ ಒದ್ದಾಡಿ ಸಾಯಬಹುದು. ಹುರುಳಿಯನ್ನು ಕುದುರೆಗೆ ಕೊಡುವ ಮುಂಚೆ ಬೇಯಿಸುತ್ತಿದ್ದುದು, ಇಲ್ಲವೇ ನೆನೆಸುತ್ತಿದ್ದುದು ಇದಕ್ಕೇ.

ಹುರುಳಿಯ ಹೆಸರು ಬಂತು. ಕಡಿಮೆ ಮಳೆಯಲ್ಲಿ, ತೆಳು ಮಣ್ಣಿನಲ್ಲಿ ಬೇರೇನೂ ಬಾರದ ಕಡೆಯೂ ಹುರುಳಿ ಬರುತ್ತದೆ. ದಕ್ಷಿಣ ಭಾರತದಲ್ಲಿ ಕುದುರೆಗಳಿಗೆ ಇದನ್ನು ತಿನ್ನಿಸುವುದನ್ನು ಕಂಡ ಇಂಗ್ಲಿಷರು ಇದಕ್ಕೆ ಕುದುರೆಯ ಹೆಸರನ್ನೇ ಸೇರಿಸಿ ಹಾರ್ಸ್ ಗ್ರಾಂ ಎಂದರು. ನಮ್ಮ ಮನೆಗಳಲ್ಲಿ ಕಟ್ಟಿನ ಸಾರು ಮಾಡುವ ಕಾಳು ಲಾಯದಲ್ಲಿ ರಾವುತನ ಬಂಡವಾಳವಾಗಿತ್ತು. ಈ ಹದ ಎಲ್ಲೆಡೆಯೂ ಇತ್ತು ಎನ್ನುವಂತಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ನಾಡಿನ ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಬೇಯಿಸಿದ ಅನ್ನ ಮತ್ತು ಮಾಂಸ ತಿನ್ನಿಸುತ್ತಾರೆ, ನೋಡಿಕೊಳ್ಳುವುದು ಗೊತ್ತಿಲ್ಲದೆ ಬಹಳಷ್ಟು ಸಾಯುತ್ತವೆ ಎಂದು ಬರೆದಿಟ್ಟಿದ್ದಾನೆ.

ಸತ್ತಷ್ಟೂ ತರಿಸಬೇಕು, ತರಿಸಿದಷ್ಟೂ ಹಣ ಹೋಗಬೇಕು. ವಿಜಯನಗರದ ಅರಸರು ಅರಬ್ ಮತ್ತು ಪಾರಸಿ ಕುದುರೆಗಳಿಗೆ ಸುರಿದ ಹೊನ್ನಿಗೆ ಲೆಕ್ಕವಿಲ್ಲ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದರು, ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು ಎಂದು ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದ ಮುಖ್ಯ ಮಾತೇ ಗೋವೆಗೆ ಇಳಿಯುವ ಕುದುರೆಗಳು ವಿಜಯನಗರಕ್ಕೆ ಸಿಗಬೇಕು ಎಂಬುದು. ಪಾಠಪುಸ್ತಕದಲ್ಲಿ ನೀವು ಓದುವ ಯುದ್ಧಗಳ ಹಿಂದೆ ಇಂಥ ವ್ಯಾಪಾರದ ಲೆಕ್ಕಪತ್ರ ಇರುತ್ತದೆ.

ನಮ್ಮ ಸೀಮೆಗೆ ಕುದುರೆಯ ನಂಟು ಇನ್ನೂ ಹಿಂದಿನದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಅದೇ ಮಯೂರಶರ್ಮ ಓದಲು ಕಂಚಿಗೆ ಹೋದಾಗ ಅಲ್ಲಿ ಪಲ್ಲವರ ಕುದುರೆಯವನೊಬ್ಬನೊಡನೆ ಜಗಳವಾಯಿತು, ಆ ಸಿಟ್ಟಿನಲ್ಲಿ ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಎಂದು ತಾಳಗುಂದದ ಶಾಸನ ಹೇಳುತ್ತದೆ. ಆ ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಕನ್ನಡ ನಾಡಿನ ಮೊದಲ ದೊಡ್ಡ ಅರಸುಮನೆತನದ ಕಥೆ ಒಬ್ಬ ರಾವುತನೊಡನೆ ಆದ ಜಗಳದಿಂದ ಶುರುವಾಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಪಾಳೆಯಗಾರರ ಕಾಲಕ್ಕೆ ಬರೋಣ. ದುರ್ಗದ ನಾಯಕರ ಬಲ ಇದ್ದದ್ದು ಬೇಡ ಪಡೆಯಲ್ಲಿ, ಕಾಲಾಳಿನಲ್ಲಿ, ಕಲ್ಲಿನಲ್ಲಿ. ನೀವು ಕೋಟೆಗೆ ಹೋದಾಗ ಗಮನಿಸಿ. ಬಾಗಿಲು ದಾಟಿದ ಕೂಡಲೇ ದಾರಿ ಸೊಟ್ಟಗೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ನಮ್ಮ ಕ್ಯಾಮೆರಾದ ತಂಡ ಅಲ್ಲಿ ಮೂರುಕಾಲಿನ ಸ್ಟ್ಯಾಂಡ್ ಹೊತ್ತು ತಿರುವು ತಿರುವಿಗೂ ನಿಂತು ಉಸಿರು ಬಿಟ್ಟದ್ದುಂಟು. ಓಡಿ ಬಂದ ಕುದುರೆ ಅಲ್ಲಿ ಓಟ ಮುಂದುವರಿಸಲಾರದು. ನುಣುಪು ಬಂಡೆಯ ಮೇಲೆ ಲಾಳ ಜಾರುತ್ತದೆ. ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕಣಜಗಳು, ಎಣ್ಣೆ ಕೊಳಗಳು. ಒಳಗಿರುವವನಿಗೆ ನೀರು, ಕಾಳು ಎರಡೂ ಇವೆ. ಹೊರಗೆ ಬಯಲಿನಲ್ಲಿ ಕುದುರೆ ಕಟ್ಟಿಕೊಂಡು ಕುಳಿತವನಿಗೆ? ಹೈದರಾಲಿಯಂಥ ಅಶ್ವಬಲದ ಸೇನಾಪತಿಗೂ ಈ ಕೋಟೆ ಸುಲಭವಾಗಿ ಸಿಗಲಿಲ್ಲ. ಮತ್ತೆ ಮತ್ತೆ ಮುತ್ತಿಗೆ ಹಾಕಿ, ಕೊನೆಗೆ 1779ರಲ್ಲಿ ಮದಕರಿನಾಯಕನನ್ನು ಸೆರೆಹಿಡಿದ. ಆ ಮೇಲೆ ಇಪ್ಪತ್ತು ಸಾವಿರ ಜನರನ್ನು ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಎಂದು ಗೆಜೆಟಿಯರ್ ದಾಖಲಿಸುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಹತ್ತು ಸಾವಿರ ಕುದುರೆಯ ದಂಡು ಹಿರಿಯೂರಿನ ಬಯಲಿನಲ್ಲಿ ಬೀಡುಬಿಟ್ಟಿದೆ ಎಂದುಕೊಳ್ಳಿ. ಹದಿನೆಂಟನೆಯ ಶತಮಾನಕ್ಕೆ ಇದೇನೂ ಅಸಾಮಾನ್ಯ ಸಂಖ್ಯೆಯಲ್ಲ. ಕೆಲಸ ಮಾಡುವ ಒಂದು ಕುದುರೆಗೆ ದಿನಕ್ಕೆ 3 ಕಿಲೋ ಹುರುಳಿ ಹಿಡಿಯೋಣ. ಒಟ್ಟು 300 ಕ್ವಿಂಟಾಲ್. ಒಂದು ಎತ್ತಿನ ಗಾಡಿಗೆ 10 ಕ್ವಿಂಟಾಲಿನಂತೆ 30 ಗಾಡಿ, ಪ್ರತಿದಿನ. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ 2 ಕ್ವಿಂಟಾಲ್ ಹುರುಳಿ ಬಂದರೆ ಒಂದು ದಿನಕ್ಕೆ 150 ಎಕರೆಯ ಫಸಲು ಬೇಕು. ಒಂದು ತಿಂಗಳು ದಂಡು ನಿಂತರೆ 4,500 ಎಕರೆ. ಹುಲ್ಲು ಕುದುರೆಗೆ 7 ಕಿಲೋ ಎಂದರೂ ದಿನಕ್ಕೆ 70 ಟನ್. ನೀರು, ಕಡಿಮೆ ಎಂದರೂ ಕುದುರೆಗೆ 30 ಲೀಟರ್: ದಿನಕ್ಕೆ 3 ಲಕ್ಷ ಲೀಟರ್. ಇದು ನಾನು ಹಾಕಿದ ಅಂದಾಜು. ನಿಮ್ಮ ಮೇಷ್ಟರಿಗೆ ತೋರಿಸಿ ತಿದ್ದಿಕೊಳ್ಳಿ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಖಾತರಿಯಿಲ್ಲದ ಊರು ಇದು. ಆಗಿನ್ನೂ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಅಣೆಕಟ್ಟೆ ಬಂದಿರಲಿಲ್ಲ. ವಾಣಿವಿಲಾಸ ಸಾಗರದ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ.

ಈ ಹುರುಳಿ, ಹುಲ್ಲು ಎಲ್ಲಿಂದ ಬರಬೇಕು? ರೈತನ ಕಣದಿಂದ, ಬಣವೆಯಿಂದ. ಕೊಂಡರೆ ಸರಿ, ಕೊಳ್ಳದಿದ್ದರೆ ಕೊಳ್ಳೆ. ದಂಡಿನ ಕುದುರೆ ತಿಂದುಹೋದ ಮೇಲೆ ರೈತನ ಎತ್ತಿಗೆ ಮೇವಿಲ್ಲ, ಎತ್ತು ಸೊರಗಿದರೆ ಮುಂದಿನ ಬಿತ್ತನೆಯಿಲ್ಲ. 1791ರಲ್ಲಿ, ಟಿಪ್ಪುವಿನ ವಿರುದ್ಧದ ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ ಈ ಸೀಮೆಯನ್ನು ಹಾಯ್ದುಹೋಯಿತು. ಹತ್ತು ವರ್ಷದ ಮೇಲೆ, 1801ರಲ್ಲಿ, ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದಾಗಲೂ ಹಿರಿಯೂರು ಆ ದಾಳಿಯಿಂದ ಮತ್ತು ಹಿಂದೆಯೇ ಬಂದ ಬರದಿಂದ ಚೇತರಿಸಿಕೊಂಡಿರಲಿಲ್ಲ. ಕೋಟೆಯ ಮುತ್ತಿಗೆಯ ಬಗ್ಗೆ ಲಾವಣಿ ಹುಟ್ಟುತ್ತದೆ. ಖಾಲಿಯಾದ ಕಣಜದ ಬಗ್ಗೆ ಇಂಥ ಪ್ರವಾಸಿಯ ಒಂದೆರಡು ಸಾಲು ಸಿಕ್ಕರೆ ಅದೇ ಹೆಚ್ಚು.

ಹೈದರಾಲಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅವನ ಸೈನ್ಯದ ವೇಗ ಎಂದರೆ ಕುದುರೆಯ ವೇಗ ಎಂದು ನಾವು ತಿಳಿಯುತ್ತೇವೆ. ಆದರೆ ಚಿದಂಬರದ ರಕ್ಷಣೆಗೆ ಅವನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಅಮೃತಮಹಲ್ ಎತ್ತುಗಳ ದೆಸೆಯಿಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ನೂರು ಮೈಲಿ, ಅಂದರೆ ನಾವು ನಕ್ಷೆಯಲ್ಲಿ ಬೆರಳಾಡಿಸಿದ ಸುತ್ತಿನಷ್ಟೇ ದೂರ, ಅದೂ ತೋಪುಗಳನ್ನು ಎಳೆದುಕೊಂಡು! ಎತ್ತಿಗೆ ಮೆಲುಕು ಹಾಕುವ ಅನುಕೂಲವಿದೆ. ಬೇಗಬೇಗ ಮೇದು, ನಿಂತಾಗ ಮೆಲುಕು ಹಾಕಿ, ಒಣಹುಲ್ಲಿನಿಂದಲೂ ಕಸುವು ಹೀರಿಕೊಳ್ಳುತ್ತದೆ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿದ್ದ ಈ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹುಲ್ಲುಗಾವಲಿಗೆಂದು ಬಿಟ್ಟ ಕಾವಲುಗಳು ಚಿತ್ರದುರ್ಗ ಜಿಲ್ಲೆಯಲ್ಲಿ ಬಹಳಷ್ಟಿದ್ದವು. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ದೊಡ್ಡ ಭಾಗ ಇತ್ತೀಚೆಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ಹೊಸದುರ್ಗದ ನೆರೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇಂದಿಗೂ ಇದೆ.

ಇನ್ನು ರಾವುತನ ಮನೆ. ಸೈನ್ಯದಲ್ಲಿ ಕುದುರೆ ಸವಾರರು ಎರಡು ಬಗೆ. ಸರ್ಕಾರದ ಅಥವಾ ಸರದಾರನ ಕುದುರೆಯನ್ನೇರಿ ಸಂಬಳಕ್ಕೆ ದುಡಿಯುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇರುವವನು ಸಿಲೆದಾರ. ಸಿಲೆದಾರನ ಸಂಬಳ ಬಾರಗೀರನಿಗಿಂತ ಹೆಚ್ಚು, ಆದರೆ ಹುರುಳಿ, ಹುಲ್ಲು, ಲಾಳ, ಜೀನು ಎಲ್ಲವೂ ಅದರಲ್ಲೇ ಆಗಬೇಕು. ಕುದುರೆ ಸತ್ತರೆ ಸಾಲ ಮಾಡಿ ಇನ್ನೊಂದು ಕೊಳ್ಳಬೇಕು, ಇಲ್ಲವಾದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಇಂಥವನು ಯುದ್ಧದಲ್ಲಿ ಮುನ್ನುಗ್ಗಲು ಹಿಂಜರಿದರೆ ಅವನನ್ನು ಹೇಡಿ ಎನ್ನಬಹುದೇ? ಇಂಗ್ಲಿಷ್ ಅಧಿಕಾರಿಗಳು ಹಾಗೆ ಬರೆದದ್ದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಮನೆಯ ಹೊಲವನ್ನೇ ಬೆನ್ನಡಿ ಇಟ್ಟುಕೊಂಡು ಯುದ್ಧಕ್ಕೆ ಹೋದಂತೆ ಅವನ ಪಾಡು. ಸಂಜೆ ಇಳಿದ ಮೇಲೆ ತಾನು ಉಣ್ಣುವ ಮೊದಲು ಕುದುರೆಯನ್ನು ಮೆಲ್ಲಗೆ ನಡೆಸಿ ಬೆವರು ಆರಿಸುವುದು, ಮೈ ಉಜ್ಜುವುದು, ಜೀನಿನ ಕೆಳಗೆ ಹುಣ್ಣಾಗಿದೆಯೇ ನೋಡುವುದು, ಗೊರಸಿನ ಸಂದಿಯ ಕಲ್ಲು ತೆಗೆಯುವುದು, ಹುರುಳಿ ಬೇಯಲು ಇಡುವುದು ಅವನ ನಿತ್ಯದ ಕೆಲಸ. ಬುದ್ಧಿವಂತ ರಾವುತ ದಾರಿಯಲ್ಲಿ ಬಹುಪಾಲು ನಡಿಗೆ ಮತ್ತು ಕುಕ್ಕುಲೋಟದಲ್ಲೇ ಹೋಗುತ್ತಿದ್ದ, ಏರಿನಲ್ಲಿ ಇಳಿದು ತಾನೂ ನಡೆಯುತ್ತಿದ್ದ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್, ಅಂದರೆ ಚಿತ್ರದುರ್ಗದಿಂದ ಐಮಂಗಲದ ಮೇಲೆ ಹಿರಿಯೂರು, ದಂಡಿಗೆ ಒಂದು ಒಳ್ಳೆಯ ಮಜಲು. ನಾಳೆಯೂ ಅಷ್ಟೇ ದೂರ ಹೋಗಬೇಕಲ್ಲ!

ಹೈದರಾಲಿ ಹೆಸರು ಮಾಡಿದ್ದೂ ಹೀಗೆ ಸಣ್ಣದಾಗಿಯೇ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ತೋರಿದ ಸಾಹಸಕ್ಕೆ ಮೈಸೂರಿನ ದಳವಾಯಿಗಳು ಅವನಿಗೆ ಕೊಟ್ಟದ್ದು 50 ಕುದುರೆ ಮತ್ತು 200 ಕಾಲಾಳಿನ ಅಧಿಕಾರ. 1799ರಲ್ಲಿ ಟಿಪ್ಪು ಮಡಿದ ಮೇಲೆ ಸಿಲೆದಾರರು ಒಡೆಯರ ಸೇವೆಗೆ ಬಂದರು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಟ್ಟಿರಬೇಕಾಯಿತು. ಕುದುರೆ ರಾವುತನದು, ಸಂಬಳ ಮೈಸೂರಿನದು, ಯುದ್ಧ ಕಂಪನಿಯದು! 1803ರ ಸೆಪ್ಟೆಂಬರ್ 23ರಂದು ವೆಲ್ಲೆಸ್ಲಿ ಅಸ್ಸಾಯೆಯಲ್ಲಿ ಮರಾಠರನ್ನು ಎದುರಿಸಿದಾಗ ಮೈಸೂರಿನ ಕುದುರೆ ಸವಾರರು ಅವನ ಜೊತೆಗಿದ್ದರು. 1817ರಲ್ಲಿ ಮಾಳವದ ಮಹಿದ್‌ಪುರದಲ್ಲೂ ಇದ್ದರು. ನಮ್ಮ ಕಡೆಯ ಲಾಯಗಳಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ.

1892ರಲ್ಲಿ, ಬರ್ಲಿನ್–ವಿಯೆನ್ನಾ ಪಂದ್ಯ ನಡೆದ ಅದೇ ವರ್ಷ, ಮೈಸೂರಿನಲ್ಲಿ ಹಳೆಯ ಸಿಲೆದಾರ ದಳದಿಂದ ಆರಿಸಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಹೊಸ ಪಡೆ ಕಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಈ ಪಡೆ ಈಜಿಪ್ಟ್, ಪ್ಯಾಲೆಸ್ಟೈನಿಗೆ ಹೋಯಿತು. ಮರಳುಗಾಡಿನಲ್ಲಿ ದಂಡಿನ ದಾರಿಯನ್ನು ನಿರ್ಧರಿಸುತ್ತಿದ್ದುದು ಬಾವಿಗಳು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಹೈಫಾ ಪಟ್ಟಣವನ್ನು ಗೆದ್ದುಕೊಂಡರು. ಕಾರ್ಮೆಲ್ ಬೆಟ್ಟದ ಇಳಿಜಾರಿನ ತೋಪುಗಳ ಕಡೆ ಏರಿದವರು ಮೈಸೂರಿನವರು. ಅಸ್ಸಾಯೆಯ ದಿನಾಂಕವೂ ಇದೇ ಎಂಬುದನ್ನು ಗಮನಿಸಿದಿರಾ? ಬರಿಯ ಆಕಸ್ಮಿಕ, ಆದರೆ ಪರೀಕ್ಷೆಗೆ ನೆನಪಿಟ್ಟುಕೊಳ್ಳಲು ಅನುಕೂಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು.

ಆ ಮೇಲಿನ ಕಥೆ ಬೇಗ ಮುಗಿಯುತ್ತದೆ. ಮೋಟಾರು ಬಂತು, ಸೈನ್ಯದ ಕುದುರೆಗಳ ಕಾಲ ಮುಗಿಯಿತು. ಊರುಗಳಲ್ಲಿ ಜಟಕಾ ಉಳಿಯಿತು. ರೈಲು ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ಆಸ್ಪತ್ರೆಗೆ. ಆಟೋ ಬಂದ ಮೇಲೆ ಅದೂ ಹಿಂದೆ ಸರಿಯಿತು. 2012ರಲ್ಲಿ ದೇಶದಲ್ಲಿ ಕುದುರೆ ಮತ್ತು ತಟ್ಟುಗಳು ಸೇರಿ 6 ಲಕ್ಷಕ್ಕೂ ಹೆಚ್ಚಿದ್ದವು. 2019ರ ಜಾನುವಾರು ಗಣತಿಯಲ್ಲಿ 3.4 ಲಕ್ಷಕ್ಕೆ ಇಳಿದವು.

ನಿಮ್ಮ ಊರಿನಲ್ಲಿ ಜಟಕಾ ಓಡಿಸಿದ ಹಿರಿಯರು ಇದ್ದರೆ ಹೋಗಿ ಮಾತನಾಡಿಸಿ. ಕುದುರೆಗೆ ದಿನಕ್ಕೆ ಎಷ್ಟು ಸೇರು ಹುರುಳಿ ಹಾಕುತ್ತಿದ್ದರು, ಹುಲ್ಲು ಎಲ್ಲಿಂದ ತರುತ್ತಿದ್ದರು, ಲಾಳ ಕಟ್ಟುವವರು ಯಾರಿದ್ದರು, ಎಷ್ಟು ದಿನಕ್ಕೊಮ್ಮೆ ಕಟ್ಟಿಸುತ್ತಿದ್ದರು, ಬೇಸಿಗೆಯಲ್ಲಿ ನೀರು ಕುಡಿಸಲು ಯಾವ ಕೆರೆಗೆ ಒಯ್ಯುತ್ತಿದ್ದರು ಎಂದು ಕೇಳಿ. ಉತ್ತರಗಳನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಅವರ ಸೇರಿನ ಲೆಕ್ಕವನ್ನು ನಾನು ಮೇಲೆ ಹಿಡಿದ 3 ಕಿಲೋ ಜೊತೆ ಹೋಲಿಸಿ, ಹತ್ತು ಸಾವಿರ ಕುದುರೆಯ ಗುಣಾಕಾರವನ್ನು ಮತ್ತೊಮ್ಮೆ ಮಾಡಿ ನೋಡಿ.